ಲೆಕ್ಕ ಒಂದೇ, ಕಥೆ ಮೂರು: ಕ್ವಾಂಟಂ ಜಗಳ ಮತ್ತು ಬೆಂಗಳೂರಿನ ಪ್ರಯೋಗ

‘ನೀವು ನೋಡಿದರಷ್ಟೇ ಜಗತ್ತು ಇರುತ್ತೆ, ಕ್ವಾಂಟಂ ವಿಜ್ಞಾನವೇ ಇದನ್ನು ಸಾಬೀತು ಮಾಡಿದೆ’ ಅನ್ನೋ ರೀಲ್ಸ್ ನಿಮ್ಮ ಫೋನಿಗೂ ಬಂದಿರಬಹುದು. ಅದನ್ನು ನಂಬಿ ಯಾವುದೋ ಕೋರ್ಸಿಗೆ ದುಡ್ಡು ಕಟ್ಟೋ ಮುಂಚೆ ಈ ಇತಿಹಾಸ ಸ್ವಲ್ಪ ಕೇಳ್ರಿ.

ಕ್ವಾಂಟಂ ಸಿದ್ಧಾಂತದ ಗಣಿತ 1925–26ರಲ್ಲಿ ರೂಪುಗೊಂಡಿತು. ಲೆಕ್ಕದ ಬಗ್ಗೆ ಅಷ್ಟಾಗಿ ತಕರಾರಿರಲಿಲ್ಲ, ಜಗಳ ಇದ್ದದ್ದು ಅದರ ಅರ್ಥದ ಬಗ್ಗೆ. ಅಳತೆ ಮಾಡುವ ಮುಂಚೆ ಕಣ ಎಲ್ಲಿತ್ತು ಅಂತ ಕೇಳೋದರಲ್ಲೇ ಅರ್ಥವಿಲ್ಲ ಅನ್ನೋದು ನೀಲ್ಸ್ ಬೋರ್ ಅವರ ಧಾಟಿ. ಐನ್‌ಸ್ಟೈನ್ ಇದನ್ನು ಕೊನೆವರೆಗೂ ಒಪ್ಪಲಿಲ್ಲ. 1952ರಲ್ಲಿ ಡೇವಿಡ್ ಬೋಮ್, ಕಣಕ್ಕೆ ಯಾವಾಗಲೂ ಒಂದು ಜಾಗ ಇದ್ದೇ ಇರುತ್ತೆ, ಒಂದು ಅಲೆ ಅದನ್ನು ನಡೆಸುತ್ತೆ ಅಂದರು. 1957ರಲ್ಲಿ ಹ್ಯೂ ಎವರೆಟ್, ಸಾಧ್ಯವಿರುವ ಎಲ್ಲ ಫಲಿತಾಂಶಗಳೂ ಬೇರೆ ಬೇರೆ ಕವಲುಗಳಲ್ಲಿ ನಡೆಯುತ್ತವೆ ಅಂದರು. ಲ್ಯಾಬಿನಲ್ಲಿ ಏನು ಕಾಣುತ್ತೆ ಅಂತ ಕೇಳಿದರೆ ಮೂರೂ ಕಥೆಗಳ ಉತ್ತರ ಒಂದೇ.

ಹಾಗಾದರೆ ಪ್ರಯೋಗಕ್ಕೆ ಇಲ್ಲಿ ಕೆಲಸವೇ ಇಲ್ವಾ? ಇದೆ. ಉತ್ತರಗಳು ಕಣಗಳೊಳಗೆ ಮೊದಲೇ ಬರೆದಿರುತ್ತವೆ, ದೂರದ ಕಣದ ಮೇಲೆ ತಕ್ಷಣದ ಪ್ರಭಾವವೂ ಇಲ್ಲ ಅಂತಾದರೆ ಫಲಿತಾಂಶ ಒಂದು ಮಿತಿ ದಾಟಬಾರದು ಅಂತ 1964ರಲ್ಲಿ ಜಾನ್ ಬೆಲ್ ತೋರಿಸಿದರು. ಪ್ರಯೋಗಗಳಲ್ಲಿ ಆ ಮಿತಿ ಮುರಿಯಿತು. ಕ್ಲೌಸರ್, ಆಸ್ಪೆ, ಝೈಲಿಂಗರ್ ಅವರಿಗೆ 2022ರ ನೊಬೆಲ್ ಬಂತು.

ಇಂಥದ್ದೇ ಇನ್ನೊಂದು ಪರೀಕ್ಷೆಯನ್ನು 1985ರಲ್ಲಿ ಆಂಟನಿ ಲೆಗೆಟ್ ಮತ್ತು ಅನುಪಮ್ ಗಾರ್ಗ್ ಸೂಚಿಸಿದರು. ಅದರ ಒಂದು ಪಕ್ಕಾ ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಉರ್ಬಸಿ ಸಿನ್ಹಾ ಅವರ ತಂಡ, ದೀಪಂಕರ್ ಹೋಮ್ ಮತ್ತಿತರರ ಜೊತೆ ಸೇರಿ, ಒಂಟಿ ಫೋಟಾನುಗಳನ್ನು ಬಳಸಿ ಮಾಡಿದ ಈ ಪ್ರಯೋಗ 2022ರಲ್ಲಿ ಪ್ರಕಟವಾಯಿತು.

ಕೊಹಿನೂರದಲ್ಲಿ ಕೂತು ಕೇಳ್ತಿರೋರಿಗೆ ಗೊತ್ತಿರೋ ದಾರಿಯನ್ನೇ ತಗೊಳ್ಳೋಣ. ಬಸವಕಲ್ಯಾಣದಿಂದ ಬೀದರ್‌ಗೆ ಒಂದು ಬಸ್ ಹುಮನಾಬಾದ್ ಮೇಲೆ ಹೋಗಬಹುದು, ಇಲ್ಲಾ ಭಾಲ್ಕಿ ಮೇಲೆ ಹೋಗಬಹುದು. ಹುಮನಾಬಾದ್ ದಾರಿಯಲ್ಲಿ ನಾಕಾ ಹಾಕಿ. ಅಲ್ಲಿ ಸಿಗದ ಬಸ್ ಬೀದರ್ ಮುಟ್ಟಿದರೆ ಅದು ಭಾಲ್ಕಿ ಮೇಲೇ ಬಂದಿದೆ, ಅದನ್ನು ಯಾರೂ ಮುಟ್ಟಿಲ್ಲ. ಫೋಟಾನಿಗೂ ಹೀಗೇ ಒಂದು ದಾರಿ ಮುಚ್ಚಿ ಲೆಕ್ಕ ತೆಗೆದರು. ಫೋಟಾನ್ ಬಸ್ಸಿನಂತೆ ಸದಾ ಒಂದೇ ದಾರಿಯಲ್ಲಿದ್ದು, ಇನ್ನೊಂದು ದಾರಿಯ ನಾಕಾದಿಂದ ಅದಕ್ಕೆ ಏನೂ ಆಗದಿದ್ದರೆ, ಫಲಿತಾಂಶ ಒಂದು ಮಿತಿಯೊಳಗೆ ಇರಬೇಕಿತ್ತು. ಇರಲಿಲ್ಲ. ಅಂದರೆ ಬಸ್ಸಿನ ಚಿತ್ರ ಬಿತ್ತು.

ಬೋಮ್ ಕಥೆಯೂ ಬಿತ್ತಾ? ಇಲ್ಲ. ಅವರ ಪ್ರಕಾರ ಕಣ ಒಂದೇ ದಾರಿಯಲ್ಲಿದ್ದರೂ ಅಲೆ ಎರಡರಲ್ಲೂ ಇರುತ್ತೆ, ನಾಕಾ ಆ ಅಲೆಯನ್ನು ತಡೆಯುತ್ತೆ. ಬೋರ್, ಎವರೆಟ್ ಕೂಡ ಉಳಿದುಕೊಂಡರು.

ಪ್ರಯೋಗಕ್ಕೆ ನಿಜವಾಗಿ ಸಿಕ್ಕಿಬೀಳೋದು ಲೆಕ್ಕವನ್ನೇ ಸ್ವಲ್ಪ ಬದಲಿಸುವ ಸಿದ್ಧಾಂತಗಳು. ಗುರುತ್ವದಿಂದ ಕ್ವಾಂಟಂ ಸ್ಥಿತಿ ತಾನಾಗೇ ಕುಸಿಯುತ್ತೆ ಅನ್ನೋ ಡಿಯೋಸಿ–ಪೆನ್‌ರೋಸ್ ಕಲ್ಪನೆ ಅಂಥದ್ದು. ಅದರ ಒಂದು ರೂಪ ನಿಜವಾದರೆ ವಸ್ತುಗಳಿಂದ ಕ್ಷೀಣ ವಿಕಿರಣ ಹೊರಬೀಳಬೇಕು. ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿಯ ಲ್ಯಾಬಿನಲ್ಲಿ ಹುಡುಕಿದಾಗ ಅಷ್ಟು ವಿಕಿರಣ ಸಿಗಲಿಲ್ಲ. 2020ರಲ್ಲಿ ಅದರ ಅತಿ ಸರಳ ರೂಪವನ್ನು ತಳ್ಳಿಹಾಕಲಾಯಿತು.

ಈಗ ಆ ರೀಲ್ಸಿಗೆ ಬರೋಣ. ಇಲ್ಲಿ ಹೇಳಿದ ಯಾವ ಪ್ರಯೋಗದಲ್ಲೂ ಮನುಷ್ಯನ ಮನಸ್ಸು ಅಳತೆ ಮಾಡಲಿಲ್ಲ. ಮಾಡಿದ್ದು ತಡೆಗೋಡೆ, ಡಿಟೆಕ್ಟರ್. ಮುಂದಿನ ಸಲ ಯಾರಾದರೂ ‘ಕ್ವಾಂಟಂ ಸಾಬೀತು ಮಾಡಿದೆ’ ಅಂದರೆ ಒಂದೇ ಪ್ರಶ್ನೆ ಕೇಳ್ರಿ: ನಿಮ್ಮ ಮಾತು ಸುಳ್ಳಾಗಿದ್ದರೆ ಲ್ಯಾಬಿನಲ್ಲಿ ಯಾವ ಅಂಕಿ ಬದಲಾಗ್ತಿತ್ತು? ಉತ್ತರ ಇಲ್ಲ ಅಂದರೆ, ಅವರು ಹೇಳ್ತಿರೋದು ಹಲವು ಕಥೆಗಳಲ್ಲಿ ಒಂದು ಅಷ್ಟೇ. ಮತ್ತೆ ಸಿಗೋಣ.