ಎಣ್ಣೆಗಿಂತ ಹಳೆಯ ಆಸ್ಪತ್ರೆ

ರಜೆಯ ದಿನ ಮನಾಮಕ್ಕೆ ಹೋಗುವ ನಮ್ಮವರೆಲ್ಲ ಬಾಬ್ ಅಲ್ ಬಹ್ರೈನ್ ನೋಡಿರ್ತಾರೆ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಅಮೆರಿಕನ್ ಮಿಷನ್ ಆಸ್ಪತ್ರೆ ಇದೆ. ಕೊಲ್ಲಿಗೆ ರಸ್ತೆ, ಶಾಲೆ, ಆಸ್ಪತ್ರೆ ಎಲ್ಲ ಬಂದದ್ದು ಎಣ್ಣೆ ದುಡ್ಡಿನಿಂದ ಅಂತ ನಾವು ಮಾತಾಡ್ಕೊಳ್ತೀವಿ. ಈ ಆಸ್ಪತ್ರೆಯ ಲೆಕ್ಕ ಬೇರೆ. ಬಹ್ರೈನಿನಲ್ಲಿ ಎಣ್ಣೆ ಸಿಕ್ಕಿದ್ದು 1932ರಲ್ಲಿ, ಆಸ್ಪತ್ರೆ ಬಾಗಿಲು ತೆರೆದದ್ದು 1903ರ ಜನವರಿಯಲ್ಲಿ.

ಅದಕ್ಕೂ ಹತ್ತು ವರ್ಷ ಮೊದಲೇ ಸ್ಯಾಮ್ಯುಯೆಲ್ ಜ್ವೇಮರ್ ಎಂಬ ಅಮೆರಿಕದ ಪಾದ್ರಿ ಮನಾಮದ ಪೇಟೆಯಲ್ಲಿ ಔಷಧಿ ಕೊಡಲು ಶುರುಮಾಡಿದ್ದರು. ಡಾಕ್ಟರ್ ಅಲ್ಲ, ಆದರೂ ಹಲ್ಲು ಕೀಳುತ್ತಿದ್ದರು. ಆಮೇಲೆ ಬಂದವರು ನಿಜವಾದ ಡಾಕ್ಟರ್ ದಂಪತಿ, ಶರಾನ್ ಥಾಮ್ಸ್ ಮತ್ತು ಮೇರಿಯನ್ ಥಾಮ್ಸ್. ಮೇಸನ್ ಎಂಬ ಕುಟುಂಬದ ದಾನದಿಂದ ಕಟ್ಟಡ ಎದ್ದಿತು, ಹೆಸರು ಮೇಸನ್ ಮೆಮೋರಿಯಲ್. ಹಾಸಿಗೆ 21.

ಆಗಿನ ರೋಗಿಗಳು ಯಾರು? ಹೆಚ್ಚಿನವರು ದುಡಿಯುವವರೇ, ಅದರಲ್ಲೂ ಮುತ್ತು ತೆಗೆಯಲು ಸಮುದ್ರಕ್ಕೆ ಇಳಿಯುವವರು. ಬೇಸಿಗೆಯ ನಾಲ್ಕು ತಿಂಗಳು ದೋಣಿಯಲ್ಲೇ ವಾಸ. ಕಾಲಿಗೆ ಕಲ್ಲು ಕಟ್ಟಿ ಮುಳುಗುವುದು, ಉಸಿರು ಮುಗಿಯುವಾಗ ಹಗ್ಗ ಜಗ್ಗುವುದು. ಕಿವಿಯ ತಮಟೆ ಒಡೆಯುತ್ತಿತ್ತು, ಚರ್ಮ ಹುಣ್ಣಾಗುತ್ತಿತ್ತು, ಕಣ್ಣು ಹಾಳಾಗುತ್ತಿತ್ತು. ದೋಣಿಯ ನಖೋದನಿಂದ ಮುಂಗಡ ತಗೊಂಡವನು ಸಾಲ ತೀರುವವರೆಗೆ ಬೇರೆ ದೋಣಿ ಹತ್ತುವ ಹಾಗಿರಲಿಲ್ಲ. ಅಪ್ಪ ಸತ್ತರೆ ಸಾಲ ಮಗನ ತಲೆಗೆ ಬರುತ್ತಿತ್ತು. ಹಾಗಾಗಿ ನೋವಿದ್ದರೂ ಇಳಿಯಲೇಬೇಕು. ಏಜೆಂಟನ ಸಾಲ ಹೊತ್ತು ಬಂದು, ಬೆನ್ನುನೋವಿಗೆ ಎರಡು ಮಾತ್ರೆ ನುಂಗಿ ಸೈಟಿಗೆ ಹೋಗುವ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅಂದ ಹಾಗೆ, ಅವರು ತೆಗೆದ ಮುತ್ತು ಹೋಗುತ್ತಿದ್ದದ್ದು ಬೊಂಬಾಯಿಗೆ, ಇಲ್ಲಿ ಓಡುತ್ತಿದ್ದ ಹಣ ನಮ್ಮ ರೂಪಾಯಿ.

ಆಸ್ಪತ್ರೆ ಕಟ್ಟಿದವರಿಗೂ ಈ ಊರು ಸುಲಭವಾಗಿರಲಿಲ್ಲ. 1904ರ ಬೇಸಿಗೆಯಲ್ಲಿ ಜ್ವೇಮರ್ ಅವರ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಸುಮಾರು ಒಂದು ವಾರದ ಅಂತರದಲ್ಲಿ ತೀರಿಕೊಂಡರು. ಆಸ್ಪತ್ರೆ ಆಗಲೇ ಇತ್ತು, ಆದರೆ ಉಳಿಸುವ ಔಷಧಿ ಇರಲಿಲ್ಲ. ಮರುವರ್ಷ ಡಾ. ಮೇರಿಯನ್ ಟೈಫಾಯ್ಡಿಗೆ ಬಲಿಯಾದರು. ಅವರ ಗಂಡ ಮುಂದೆ ಮಸ್ಕತ್ ಪಕ್ಕದ ಮತ್ರಾಗೆ ಹೋದರು. 1913ರಲ್ಲಿ ಅಲ್ಲಿ ಟೆಲಿಫೋನ್ ತಂತಿ ಎಳೆಯುತ್ತಿದ್ದಾಗ ಮೇಲಿನಿಂದ ಬಿದ್ದು ಸತ್ತರು. ಡಾಕ್ಟರು ಯಾಕೆ ತಂತಿ ಎಳೆಯೋಕೆ ಹತ್ತಿದರು ಅಂತ ಕೇಳಬಹುದು. ಆ ಕಾಲದಲ್ಲಿ ಇಲ್ಲೆಲ್ಲ ನಮ್ಮಂಥ ಎಲೆಕ್ಟ್ರಿಷಿಯನ್ ಎಲ್ಲಿದ್ದ? ಅವರ ಮಗ ವೆಲ್ಸ್ ಥಾಮ್ಸ್ ಬಹ್ರೈನಿನಲ್ಲೇ ಹುಟ್ಟಿದವರು. ಡಾಕ್ಟರಾಗಿ ಬಂದು ದಶಕಗಳ ಕಾಲ ಒಮಾನಿನಲ್ಲಿ ಕೆಲಸ ಮಾಡಿದರು.

ಗಂಡು ಡಾಕ್ಟರ ಹತ್ತಿರ ಹೆಂಗಸರು ಬರುತ್ತಿರಲಿಲ್ಲ. ಅವರಿಗಾಗಿ 1920ರ ದಶಕದಲ್ಲಿ ಮೇರಿಯನ್ ಹೆಸರಲ್ಲೇ ಬೇರೆ ಆಸ್ಪತ್ರೆ ಆಯಿತು. ಇಲ್ಲಿಯ ಡಾ. ಪಾಲ್ ಹ್ಯಾರಿಸನ್ ಅವರನ್ನು ಇಬ್ನ್ ಸೌದ್ 1917ರಲ್ಲಿ ರಿಯಾದಿಗೇ ಕರೆಸಿಕೊಂಡಿದ್ದರು.

ಮನಾಮಕ್ಕೆ ಕರೆಂಟ್ ಬಂದದ್ದು 1930ರ ಸುಮಾರಿಗೆ. ಅಂದರೆ ಆಸ್ಪತ್ರೆ ತೆರೆದು ಕಾಲು ಶತಮಾನ ಕಳೆದ ಮೇಲೆ. ಈಗ ಆಪರೇಷನ್ ಥಿಯೇಟರಿನಲ್ಲಿ ಕರೆಂಟ್ ಹೋದರೆ ಜನರೇಟರ್ ಕೆಲವೇ ಸೆಕೆಂಡಿನಲ್ಲಿ ಲೋಡ್ ತಗೋಬೇಕು, ಆ ಕೆಲವು ಸೆಕೆಂಡಿಗೂ ಯುಪಿಎಸ್ ಬೇಕು. ಆ ದಿನಗಳಲ್ಲಿ ಇಲ್ಲಿಯ ಸೆಖೆಯಲ್ಲಿ, ಫ್ಯಾನೂ ಇಲ್ಲದೆ, ಹೇಗೆ ಕುಯ್ದು ಹೊಲಿದರೋ!

ಇವತ್ತಿಗೂ ಇದು ಲಾಭಕ್ಕಾಗಿ ನಡೆಯುವ ಆಸ್ಪತ್ರೆ ಅಲ್ಲ. ಸಾರ್, ರಿಫಾ, ಅಮ್ವಾಜ್ ಕಡೆ ಕ್ಲಿನಿಕ್ಕುಗಳಾದವು. ಆಲಿಯಲ್ಲಿ ದೊರೆ ಹಮದ್ ಅವರ ಹೆಸರು ಸೇರಿಸಿಕೊಂಡ ದೊಡ್ಡ ಹೊಸ ಕಟ್ಟಡವೂ ಎದ್ದಿದೆ.