ಓಡಿಹೋಗುವವರ ನಕಾಶೆ

ನಮ್ಮ ಕಡೆ ‘ಓಡಿಹೋದರು’ ಎಂದರೆ ಸಾಕು, ಯಾಕೆ ಎಂದು ಯಾರೂ ಕೇಳುವುದಿಲ್ಲ. ಕೇಳುವುದು ಒಂದೇ: ‘ಎಲ್ಲಿಗೆ?’ ಹಿಂದೆ ಪುಣೆ, ಮುಂಬಯಿ ಎಂದು ಉತ್ತರ ಬರುತ್ತಿತ್ತು. ಈಗ ಓದಿ ನೌಕರಿ ಹಿಡಿದ ಮಕ್ಕಳು ದುಬೈ, ಸಿಂಗಾಪುರಗಳ ಹೆಸರು ಹೇಳುತ್ತಾರೆ. ವೀಸಾ, ವಿಮಾನದ ಟಿಕೆಟ್ಟು, ಅಲ್ಲಿಯ ಕಾಯಿದೆ ಎಲ್ಲವನ್ನೂ ಮೊದಲೇ ವಿಚಾರಿಸಿಕೊಂಡು ಹೊರಡುತ್ತಾರೆ. ಹಿರಿಯರು ‘ಕಾಲ ಕೆಟ್ಟಿತು’ ಎನ್ನುವುದುಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ಮದುವೆಗಾಗಿ ಗಡಿ ದಾಟುವ ವಿಚಾರ ಬಹಳ ಹಳೆಯದು. ಒಂದು ಕಾಲಕ್ಕೆ ಸವದತ್ತಿಯವರಿಗೂ ಬೈಲಹೊಂಗಲದವರಿಗೂ ಪರರಾಜ್ಯವೆಂಬುದು ಕಟಕೋಳದಲ್ಲೇ ಇತ್ತು.

ಬ್ರಿಟಿಷರ ಕಾಲದ ಬೆಳಗಾವಿ ಸೀಮೆಯ ನಕಾಶೆಯನ್ನು ನೋಡಿದಾಗಲೆಲ್ಲ ನನಗೆ ಅಜ್ಜಿಯರು ಹೊಲಿಯುವ ಕೌದಿ ನೆನಪಾಗುತ್ತದೆ. ಸವದತ್ತಿಯಿದ್ದ ಪರಸಗಡ ತಾಲೂಕು, ಬೈಲಹೊಂಗಲ, ಕಿತ್ತೂರುಗಳಿದ್ದ ಸಂಪಗಾವಿ ತಾಲೂಕು, ಇವೆಲ್ಲ ಖಾಲಸಾ. ಎಂದರೆ ನೇರವಾಗಿ ಇಂಗ್ರಜರ ಮುಲಕು. ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ತೊರಗಲ್ಲು ಶಿಂಧೆಯವರ ಜಹಗೀರು. ಕಟಕೋಳವೋ, ದೂರದ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ ಒಂದು ಮಹಾಲು. ಬಂಡಿ ಹೂಡಿಕೊಂಡು ಹೊರಟವನು ಒಂದೇ ದಿನದಲ್ಲಿ ಇಬ್ಬರು ಮೂವರು ದೊರೆಗಳ ನೆಲ ತುಳಿಯುತ್ತಿದ್ದ. ಎಲ್ಲೆಡೆಯೂ ಅದೇ ಎರೆಮಣ್ಣು, ಅದೇ ಜೋಳ, ಅದೇ ಮಾತು. ಬದಲಾಗುತ್ತಿದ್ದದ್ದು ಕಾಯಿದೆ.

ಕಾಯಿದೆ ಬದಲಾದಲ್ಲಿ ಪ್ರೇಮಿಗಳು ಹಾದಿ ಹುಡುಕುತ್ತಾರೆ. ಇಂಗ್ಲೆಂಡಿನಲ್ಲಿ 1754ರಿಂದ ಚರ್ಚಿನ ವಿಧಿಯಿಲ್ಲದ ಮದುವೆ ಸಿಂಧುವಲ್ಲವೆಂದಾಯಿತು; 21 ತುಂಬದವರಿಗೆ ತಂದೆಯ ಒಪ್ಪಿಗೆಯೂ ಬೇಕಾಯಿತು. ಪಕ್ಕದ ಸ್ಕಾಟ್ಲೆಂಡಿನಲ್ಲಿ ಮಾತ್ರ ಇಬ್ಬರು ಸಾಕ್ಷಿಗಳ ಎದುರು ‘ನಾವು ಗಂಡ ಹೆಂಡಿರು’ ಎಂದರೆ ಮುಗಿಯಿತು. ಗಡಿಯಾಚೆಯ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿ ಹೀಗೆ ಲೋಕಪ್ರಸಿದ್ಧವಾಯಿತು. ಅಲ್ಲಿಯ ಕಮ್ಮಾರಸಾಲೆಯ ಅಡಿಗಲ್ಲೇ ಮದುವೆಯ ಹಸೆಯಾಯಿತು. 1856ರಲ್ಲಿ 21 ದಿನದ ವಾಸದ ಶರತ್ತು ಹಾಕಿದ ಮೇಲೆ ಆ ಓಟ ತಗ್ಗಿತು.

ನಮ್ಮಲ್ಲಿ ಅಡ್ಡಿಯಾದದ್ದು ವಯಸ್ಸಿಗಿಂತ ಹೆಚ್ಚಾಗಿ ಜಾತಿ. ಖಾಲಸಾ ಮುಲಕಿನಲ್ಲಿ 1872ರ ವಿಶೇಷ ವಿವಾಹ ಕಾಯಿದೆ ಇತ್ತು, ನಿಜ. ಆದರೆ ಅದರ ಆಶ್ರಯ ಬೇಕಾದರೆ ವಧುವರರಿಬ್ಬರೂ ತಾವು ಹಿಂದುಗಳಲ್ಲ, ಮುಸಲ್ಮಾನರಲ್ಲ, ಜೈನರಲ್ಲ ಎಂದು ಒಂದೊಂದೇ ಧರ್ಮದ ಹೆಸರೆತ್ತಿ ಬರೆದುಕೊಡಬೇಕಿತ್ತು. ಜಾತಿ ಮೀರಬೇಕಾದರೆ ಧರ್ಮವನ್ನೇ ಬಿಡು ಎಂಬ ಈ ನ್ಯಾಯವನ್ನು ಸರಿಪಡಿಸಲು ವಿಠ್ಠಲಭಾಯಿ ಪಟೇಲರು 1918ರಲ್ಲಿ ಮಸೂದೆ ತಂದರು. ಸನಾತನಿಗಳ ಗದ್ದಲದಲ್ಲಿ ಅದು ಬಿದ್ದುಹೋಯಿತು.

ಆ ಮಸೂದೆಯನ್ನು ಎತ್ತಿಹಿಡಿದ ದೊರೆ ಕೊಲ್ಹಾಪುರದ ಶಾಹೂ ಮಹಾರಾಜರು. ದಿಲ್ಲಿ ಮಾಡದ್ದನ್ನು ಅವರು ತಮ್ಮ ನೆಲದಲ್ಲಿ ಮಾಡಿದರು. 1917ರಲ್ಲಿ ವಿಧವಾ ವಿವಾಹಕ್ಕೆ, 1919ರಲ್ಲಿ ಅಂತರಜಾತಿ ಹಾಗೂ ಅಂತರಧರ್ಮೀಯ ವಿವಾಹಕ್ಕೆ ಕಾಯಿದೆಯ ಮಾನ್ಯತೆ ಕೊಟ್ಟರು. ಬರೀ ಬರೆದು ಕೂಡಲಿಲ್ಲ. ಮರಾಠ ಮನೆತನವಾದ ಕಾಗಲದ ಘಾಟಗೆಯವರ ಮಗಳನ್ನು ಧನಗರ ಮೂಲದ ಇಂದೂರಿನ ಹೋಳ್ಕರ ಯುವರಾಜನಿಗೆ ಕೊಡುವ ನಿಶ್ಚಯವನ್ನೂ ಮಾಡಿದರು. ಆ ಮದುವೆ ನಡೆದದ್ದು 1924ರಲ್ಲಿ, ಅವರು ತೀರಿಹೋದ ಎರಡು ವರ್ಷಕ್ಕೆ. ಹೀಗೆ 1919ರಲ್ಲಿ ಕಟಕೋಳದ ನೆಲಕ್ಕಿದ್ದ ಔದಾರ್ಯ ಕಲೆಕ್ಟರ ಸಾಹೇಬರಿದ್ದ ಬೆಳಗಾವಿಗೆ ಇರಲಿಲ್ಲ.

ಇದೇ ಸೀಮೆಯ ಇನ್ನೊಂದು ನೆನಪನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಹರಳಯ್ಯ, ಮಧುವರಸರು ಜಾತಿ ಮೀರಿ ಬೀಗರಾದಾಗ ಬಿಜ್ಜಳನ ಆಳಿಕೆ ಇಬ್ಬರಿಗೂ ಎಳೆಹೂಟೆಯ ಶಿಕ್ಷೆ ವಿಧಿಸಿತೆಂದು ಶರಣಪರಂಪರೆ ಹೇಳುತ್ತದೆ. ಚದುರಿದ ಶರಣರು ಕಿತ್ತೂರ ಬಳಿಯ ಕಾದರವಳ್ಳಿಯಲ್ಲಿ ಕಾದಾಡಿ ಉಳವಿಯತ್ತ ಹೋದರಂತೆ. ಅಂದು ಮದುವೆ ಮಾಡಿದವರನ್ನು ಒಬ್ಬ ಅರಸ ಕೊಂದ. ಏಳುನೂರು ವರ್ಷ ಕಳೆದ ಮೇಲೆ ಇನ್ನೊಬ್ಬ ಅರಸ ಅಂಥದೇ ಮದುವೆಗೆ ಕಾಯಿದೆ ಬರೆದ.

ಆದರೂ ಕಾಯಿದೆಯ ತೋಳು ಸರಹದ್ದಿನವರೆಗೆ ಮಾತ್ರ. ಗಡಿ ದಾಟಿ ತಾಳಿ ಕಟ್ಟುವುದು ಸುಲಭ. ಮರಳಿ ಊರಿಗೆ ಬಂದು ಹೊಲ ಕೇಳುವುದು, ಹುಟ್ಟಿದ ಕೂಸಿಗೆ ಹಕ್ಕು ಕೇಳುವುದು ಕಷ್ಟ. ಖಾಲಸಾದ ಕಾಯಿದೆಗೆ 1923ರಲ್ಲಿ ತಿದ್ದುಪಡಿಯಾಗಿ, ಧರ್ಮ ಬಿಡದೆ ಜಾತಿ ಮೀರುವ ದಾರಿ ತೆರೆಯಿತು. ಅದರಲ್ಲೂ ಒಂದು ಮುಳ್ಳಿತ್ತು. ಹಾಗೆ ಮದುವೆಯಾದವನು ಅವಿಭಕ್ತ ಕುಟುಂಬದಿಂದ ಬೇರೆಯಾದಂತೆಯೇ ಲೆಕ್ಕ. ಬೇರೆ ಗಂಡುಮಕ್ಕಳಿಲ್ಲದಿದ್ದರೆ ತಂದೆ ಇನ್ನೊಬ್ಬನನ್ನು ದತ್ತಕ ತೆಗೆದುಕೊಳ್ಳಬಹುದಿತ್ತು. ಮಗ ಬದುಕಿದ್ದಂತೆಯೇ ಮನೆಗೆ ಇನ್ನೊಬ್ಬ ಮಗ! ಓಡಿಹೋದವರನ್ನು ‘ನಮ್ಮ ಪಾಲಿಗೆ ಸತ್ತ’ ಎನ್ನುವ ಮಾತನ್ನು ಸರಕಾರವೇ ಕಲಮು ಮಾಡಿ ಬರೆದಂತಿತ್ತು.

1949ರ ಮಾರ್ಚ್ 1ರಂದು ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದೇ ವರ್ಷ ಬೇರೆ ಬೇರೆ ಜಾತಿಯ ಹಿಂದುಗಳ ಮದುವೆ ಸಿಂಧುವೆಂದು ದೇಶದ ಕಾಯಿದೆಯೂ ಬಂದಿತು. ಗಡಿ ಅಳಿದ ವರ್ಷವೇ ಗಡಿ ದಾಟುವ ಅಗತ್ಯವೂ ಅಳಿಯಬೇಕಿತ್ತು. ಅಳಿಯಲಿಲ್ಲ, ಏಕೆಂದರೆ ಕಾಯಿದೆಗಿಂತ ದೊಡ್ಡ ಕಟ್ಟೆ ಊರ ಮುಂದೆ ಇತ್ತು. 1954ರ ಕಾಯಿದೆಯಲ್ಲಿ ಮೂವತ್ತು ದಿನದ ನೋಟೀಸು ಕಚೇರಿಯ ಗೋಡೆಗೆ ಅಂಟುತ್ತದೆ; ಅದನ್ನು ಓದುವವರು ಓದಿಕೊಂಡು ಮನೆಗೆ ಸುದ್ದಿ ಮುಟ್ಟಿಸುತ್ತಾರೆ. ದೂರ ಹೋದರೆ ತಪ್ಪೀತೇ? 1969ರ ವಿದೇಶಿ ವಿವಾಹ ಕಾಯಿದೆಯಂತೆ ನಮ್ಮ ರಾಯಭಾರ ಕಚೇರಿಯ ವಿವಾಹಾಧಿಕಾರಿಯ ಮುಂದೆ ಮದುವೆಯಾಗಲು ಅಲ್ಲಿ ಒಬ್ಬರಾದರೂ ಮೂವತ್ತು ದಿನ ವಾಸವಿದ್ದಿರಬೇಕು. ನೋಟೀಸು ಭಾರತದಲ್ಲಿಯೂ ಪ್ರಕಟವಾಗಬೇಕು. ಸಮುದ್ರ ದಾಟಿದರೂ ಕಾಗದ ಮನೆಗೇ ಮರಳುತ್ತದೆ.

ಆದುದರಿಂದ ಪಾಸ್‌ಪೋರ್ಟು ಹಿಡಿದು ಯೋಜನೆ ಹಾಕುವ ಮಕ್ಕಳಿಗೆ ನಾನು ಹೇಳುವುದಿಷ್ಟೆ: ಹೋಗುವ ಊರನ್ನು ಹುಡುಕುವಷ್ಟೇ ಜತನದಿಂದ ಮರಳಿ ಬರುವ ಊರನ್ನೂ ನೋಡಿರಿ. ಮರಳಿ ಬಂದವರಿಗೆ ಒಂದು ತಂಬಿಗೆ ನೀರು ಕೊಟ್ಟು ‘ಒಳಗ ಬರ್ರಿ’ ಎನ್ನುವ ಮನೆಯೊಂದು ಅಲ್ಲಿ ಇರಬೇಕು. ಆ ಮನೆಯನ್ನು ಯಾವ ಮಹಾರಾಜರೂ ಕಾಯಿದೆಯಿಂದ ಕಟ್ಟಿಕೊಡಲಾರರು. ಅದು ನಮ್ಮಂಥ ಹಿರಿಯರ ಕೆಲಸ.