ಕ್ಷಮೆಯೂ ದುಡಿಮೆಯೂ

ಕ್ಷಮೆಯೆಂದರೆ ಅಪರಾಧಿಯನ್ನು ಶಿಕ್ಷೆಯಿಲ್ಲದೆ ಬಿಟ್ಟುಬಿಡುವುದೆಂದು ಅನೇಕರು ತಿಳಿಯುತ್ತಾರೆ. ಒಡಿಶಾದ ಒಂದು ದುರಂತದ ಚರಿತ್ರೆಯಲ್ಲಿ ನಾನು ಅದಕ್ಕೆ ಬೇರೊಂದು ಅರ್ಥವನ್ನು ಕಂಡಿದ್ದೇನೆ.

ಆಸ್ಟ್ರೇಲಿಯದ ಗ್ರಹಾಂ ಸ್ಟೇನ್ಸ್ 1965ರಲ್ಲಿ ಮಯೂರಭಂಜದ ಬಾರಿಪದಕ್ಕೆ ಬಂದು ಕುಷ್ಠರೋಗಿಗಳ ಸೇವೆಗೆ ನಿಂತರು. ದಾದಿಯಾಗಿದ್ದ ಗ್ಲಾಡಿಸ್ 1983ರಲ್ಲಿ ಅವರ ಕೈಹಿಡಿದರು. 1999ರ ಜನವರಿ 22–23ರ ನಡುರಾತ್ರಿ ಮನೋಹರಪುರದಲ್ಲಿ, ವಾಹನದಲ್ಲಿ ಮಲಗಿದ್ದ ಗ್ರಹಾಂ, 10 ವರ್ಷದ ಫಿಲಿಪ್, 6 ವರ್ಷದ ತಿಮೊಥಿ, ಈ ಮೂವರನ್ನೂ ಗುಂಪೊಂದು ಜೀವಂತ ಸುಟ್ಟಿತು.

ಕೊಂದವರನ್ನು ಕ್ಷಮಿಸಿದ್ದೇನೆಂದರು ಗ್ಲಾಡಿಸ್. ಆದರೆ ಕಾನೂನು ತನ್ನ ದಾರಿ ಹಿಡಿಯಿತು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು.

ಆ ಮಾತಿಗಿಂತ ಅದರ ಮುಂದಿನ ದಿನಗಳು ನನ್ನನ್ನು ಹೆಚ್ಚು ತಟ್ಟುತ್ತವೆ. ಉಳಿದ ಒಬ್ಬಳೇ ಮಗಳನ್ನು ಸಾಕುತ್ತ ಆಕೆ ಬಾರಿಪದದಲ್ಲೇ ನಿಂತು ಕುಷ್ಠಾಶ್ರಮವನ್ನು ನಡೆಸಿದರು. 2004ರಲ್ಲಿ ಗ್ರಹಾಂ ಹೆಸರಿನ ಆಸ್ಪತ್ರೆ ತೆರೆಯಿತು. ಅದೇ ವರ್ಷ ಅವರು ತಾಯ್ನಾಡಿಗೆ ಮರಳಿದರು. 2005ರಲ್ಲಿ ಪದ್ಮಶ್ರೀ ಬಂತು.

ಕ್ರಿಸ್ತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಅಂದಂದಿನ ಆಹಾರದ ಬೇಡಿಕೆಯೂ ಕ್ಷಮೆಯ ಬೇಡಿಕೆಯೂ ಒಂದರ ಬೆನ್ನಿಗೊಂದು ಬರುತ್ತವೆ. ಎರಡೂ ದಿನದಿನದ ಅಗತ್ಯಗಳೆಂಬುದು ಬಾರಿಪದದ ಆ ಐದು ವರ್ಷಗಳನ್ನು ನೆನೆದಾಗ ನನಗೆ ಮನದಟ್ಟಾಗುತ್ತದೆ.